ಇಲಿಗೆ ಮಾತ್ರ ಕೇಳುವ ಸದ್ದು

ಕಿವಿಗೆ ಕೇಳದ ಸದ್ದನ್ನು ಮಾರುವಷ್ಟು ಸುಖದ ವ್ಯಾಪಾರ ಇನ್ನೊಂದಿಲ್ಲ. ತೂಕ ಕಡಿಮೆ ಬಂತು ಎನ್ನುವಂತಿಲ್ಲ, ಹುಳ ಬಿದ್ದಿದೆ ಎನ್ನುವಂತಿಲ್ಲ, ವಾಸನೆ ನೋಡಿ ಮೂಗು ಮುರಿಯುವಂತಿಲ್ಲ. ಕೊಂಡವರು ಬಂದು ಏನೂ ಕೇಳಿಸುತ್ತಿಲ್ಲವಲ್ಲ ಎಂದರೆ, ಕೇಳಿಸಬಾರದು, ಅದೇ ಅದರ ಗುಣ ಎಂದರಾಯಿತು.

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಈ ಸುಖವನ್ನು ಐವತ್ತು ದಾಟಿದ ಮೇಲೆ ಕಂಡುಕೊಂಡರು. ಹಿರಿಯೂರಿನಲ್ಲಿ ಹೈವೇ ಪಕ್ಕ ಅವರದೊಂದು ಅಂಗಡಿಯಿದೆ. ಅದರ ಬೋರ್ಡು ನನಗೆ ಗೊತ್ತಿದ್ದಂತೆ ಎಷ್ಟೋ ಸಲ ಬಣ್ಣ ಬದಲಿಸಿದೆ. ಮೊದಲು ತೆಂಗಿನಕಾಯಿ ವ್ಯಾಪಾರ, ಆಮೇಲೆ ನೀರು ಶುದ್ಧ ಮಾಡುವ ಯಂತ್ರ, ಆಮೇಲೆ ಸೊಂಟನೋವಿಗೆ ಅಯಸ್ಕಾಂತದ ಪಟ್ಟಿ. ಪ್ರತಿ ಸಲವೂ ಭಾವ ಆ ವಿಷಯದಲ್ಲಿ ಹುಟ್ಟಿನಿಂದಲೇ ಪಂಡಿತರಾಗಿದ್ದವರಂತೆ ಮಾತನಾಡುತ್ತಿದ್ದರು. ನೀರಿನ ಕಾಲದಲ್ಲಿ ನಮ್ಮೆಲ್ಲರ ಮನೆಯ ನೀರು ವಿಷವಾಗಿತ್ತು. ಅಯಸ್ಕಾಂತದ ಕಾಲದಲ್ಲಿ ನಮ್ಮೆಲ್ಲರ ರಕ್ತ ತಪ್ಪು ದಿಕ್ಕಿಗೆ ಹರಿಯುತ್ತಿತ್ತು. ಬೋರ್ಡು ಬದಲಾದ ಮಾರನೆಯ ದಿನದಿಂದ ನೀರೂ ರಕ್ತವೂ ತಮ್ಮಷ್ಟಕ್ಕೆ ತಾವೇ ಸರಿಹೋದವು.

ಕೊನೆಗೆ ಬಂದದ್ದು ಇಲಿ ಓಡಿಸುವ ಯಂತ್ರ. ಸೋಪಿನ ಡಬ್ಬಿಯಷ್ಟು ಗಾತ್ರ, ಮುಂದೆ ಜರಡಿಯಂಥ ತೂತುಗಳು, ಮೇಲೊಂದು ಹಸಿರು ದೀಪ. ಪ್ಲಗ್ಗಿಗೆ ಹಾಕಿದರೆ ಮನುಷ್ಯರಿಗೆ ಕೇಳದ, ಇಲಿಗೆ ಮಾತ್ರ ಕೇಳುವ ಸದ್ದು ಹೊರಡುತ್ತದಂತೆ. ಆ ಸದ್ದಿಗೆ ಇಲಿ ಹುಚ್ಚು ಹಿಡಿದು ಮನೆ ಬಿಟ್ಟು ಓಡುತ್ತದಂತೆ. ಭಾವ ಇದನ್ನು ಹೇಳುವಾಗ ಇಲಿಯ ಮುಖ ಮಾಡಿ ತೋರಿಸುತ್ತಿದ್ದರು. ಆ ಮುಖ ಅವರಿಗೆ ಹೆಚ್ಚು ಕಷ್ಟವಿಲ್ಲದೆ ಬರುತ್ತಿತ್ತು.

ನನ್ನ ವಿಷಯವನ್ನೂ ಹೇಳಬೇಕು. ಇಲ್ಲದಿದ್ದರೆ ಈ ಯಂತ್ರಕ್ಕೂ ನನಗೂ ಏನು ಸಂಬಂಧ ಎಂದು ತಿಳಿಯುವುದಿಲ್ಲ. ನಾನು ದುರ್ಗದಲ್ಲಿ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ಕೆಲಸಕ್ಕೆ ಹೋಗಲಿಲ್ಲ, ಆದರೆ ಕಲಿತದ್ದನ್ನು ಮರೆಯಲೂ ಇಲ್ಲ. ಅಡುಗೆಮನೆಯ ಕಿಟಕಿಯ ಕೆಳಗೆ ನನ್ನದೊಂದು ಮೇಜಿದೆ. ಒಂದು ಕಡೆ ಹೊಲಿಗೆ ಯಂತ್ರ, ಇನ್ನೊಂದು ಕಡೆ ಬೆಸುಗೆ ಕಡ್ಡಿ. ಬೀದಿಯವರ ಮಿಕ್ಸಿ, ಎಲ್ಇಡಿ ಬಲ್ಬು, ಇನ್ವರ್ಟರಿನ ಬೋರ್ಡು ನನ್ನ ಮೇಜಿಗೆ ಬಂದು ಹೋಗುತ್ತವೆ. ಬೆಸುಗೆಯ ರಾಳದ ಹೊಗೆಗೂ ಒಗ್ಗರಣೆಯ ಹೊಗೆಗೂ ನಮ್ಮ ಮನೆಯಲ್ಲಿ ಒಂದೇ ಕಿಟಕಿ.

ಸಂಜೆ ಬಟ್ಟೆ ತೆಗೆಯಲು ಮಾಳಿಗೆಗೆ ಹೋದಾಗ ಕೋಟೆಯ ಬಂಡೆಗಳ ಕಡೆಯಿಂದ ಸಣ್ಣ ಬಾವಲಿಗಳು ಬೀದಿದೀಪದ ಸುತ್ತ ಹುಳ ಹಿಡಿಯಲು ಬರುತ್ತವೆ. ಸದ್ದಿಲ್ಲ. ಕರಿ ಕಾಗದದ ಚೂರುಗಳನ್ನು ಯಾರೋ ತೂರಿದಂತೆ. ಅವು ಕೂಗುತ್ತಲೇ ಇರುತ್ತವೆ, ನಮ್ಮ ಕಿವಿಗೆ ಎಟುಕುವುದಿಲ್ಲ ಎಂದು ಓದಿದ್ದೆ. ಓದಿದ್ದನ್ನು ಕೇಳಿ ನೋಡಬೇಕು ಅನಿಸಿ, ಆ ಕೂಗನ್ನು ಕಿವಿಗೆ ಎಟುಕಿಸುವ ಡಬ್ಬಿಯೊಂದನ್ನು ಮಾಡಲು ಕೂತೆ. ಕಾರು ಹಿಂದೆ ತೆಗೆಯುವಾಗ ಕೀಂ ಎನ್ನುವ ಸೆನ್ಸರ್ ಇರುತ್ತದಲ್ಲ, ಕೆಟ್ಟುಹೋದ ಅಂಥದೊಂದರಿಂದ ಬೆಳ್ಳಿಯ ಗುಂಡಿಯಂಥ ಭಾಗವನ್ನು ಕಿತ್ತುಕೊಂಡೆ. ಅದು ನನ್ನ ಡಬ್ಬಿಯ ಕಿವಿಯಾಯಿತು.

ಉಳಿದದ್ದಕ್ಕೆ ನಮ್ಮ ಬೀದಿಯ ಹಿಟ್ಟಿನ ಗಿರಣಿಗಳೇ ಗುರು. ಬೀದಿಯ ಕೊನೆಗೆ ಗೋಡೆಗೆ ಗೋಡೆ ತಾಗಿಕೊಂಡು ಎರಡು ಗಿರಣಿಗಳಿವೆ. ಎರಡೂ ಒಟ್ಟಿಗೆ ಓಡುವಾಗ ಒಂದರ ವೇಗ ಕೂದಲೆಳೆಯಷ್ಟು ಹೆಚ್ಚು, ಇನ್ನೊಂದರದು ಕಡಿಮೆ. ಆಗ ಎರಡರದೂ ಅಲ್ಲದ ಮೂರನೆಯ ಸದ್ದೊಂದು ಊಂ... ಊಂ... ಎಂದು ಏರುತ್ತ ಇಳಿಯುತ್ತ ನಿಧಾನಕ್ಕೆ ಬರುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಆ ಸದ್ದು. ನನ್ನ ಡಬ್ಬಿಯ ಗುಟ್ಟೂ ಅಷ್ಟೆ. ಬಾವಲಿ ಸೆಕೆಂಡಿಗೆ ನಲವತ್ತು ಸಾವಿರ ಸಲ ಕಂಪಿಸುವ ಕೂಗು ಹಾಕಿದರೆ ಡಬ್ಬಿಯೊಳಗೆ ಮೂವತ್ತೊಂಬತ್ತು ಸಾವಿರದ ಕಂಪನವೊಂದನ್ನು ಎದುರು ನಿಲ್ಲಿಸಬೇಕು. ಎರಡನ್ನೂ ಬೆರೆಸಿದರೆ ನಡುವಿನ ಸಾವಿರ ಮಾತ್ರ ಕಿವಿಗೆ ಬೀಳುತ್ತದೆ. ಹಳೆಯ ರೇಡಿಯೋದ ತಿರುಪು ಹಾಕಿಕೊಂಡರೆ ಎದುರು ನಿಲ್ಲುವ ಕಂಪನವನ್ನು ಬೇಕಾದ ಕಡೆ ಸರಿಸಬಹುದು.

ಡಬ್ಬಿ ಮುಗಿದ ದಿನ ಮೊದಲು ಕೇಳಿಸಿದ್ದು ಬಾವಲಿಯಲ್ಲ, ನನ್ನ ಬಳೆ. ಗಾಜಿನ ಬಳೆಗಳು ಒಂದಕ್ಕೊಂದು ತಾಗಿದರೆ ನಮಗೆ ಕೇಳುವುದು ಅದರ ಬಾಲ ಮಾತ್ರ. ತಲೆಯೆಲ್ಲ ಮೇಲಿನ ಕಂಪನದಲ್ಲಿರುತ್ತದೆ. ಕೈ ಅಲ್ಲಾಡಿಸಿದರೆ ಇಯರ್‌ಫೋನಿನಲ್ಲಿ ಪಾತ್ರೆ ಅಂಗಡಿ ಮಗುಚಿದಂತೆ. ಬಳೆ ತೆಗೆದಿಡಲು ಹೋದರೆ ಅತ್ತೆ, ಬಾವಲಿಗೋಸ್ಕರ ಬರಿಗೈ ಮಾಡಿಕೊಳ್ಳುತ್ತೀಯಾ ಎಂದು ಗದರಿದರು. ಅದಕ್ಕೆ ಬಳೆಗಳನ್ನು ಮೊಣಕೈವರೆಗೆ ಏರಿಸಿ ಕರವಸ್ತ್ರ ಬಿಗಿದು ಮಾಳಿಗೆಗೆ ಹೋಗುವುದು ರೂಢಿಯಾಯಿತು. ಬಾವಲಿಯ ಕೂಗು ಟಪ್ ಟಪ್ ಟಪ್ ಎಂದು ಒದ್ದೆ ಬೆರಳಿನ ಚಿಟಿಕೆಯಂತೆ ಬರುತ್ತದೆ. ಹುಳ ಹತ್ತಿರವಾದಂತೆ ಚಿಟಿಕೆಗಳು ಒತ್ತೊತ್ತಾಗಿ, ಕೊನೆಗೆ ಬಟ್ಟೆ ಹರಿದಂತೆ ಟರ್ ಎಂದು, ಮತ್ತೆ ಮೌನ. ಹುಳ ಹೋಯಿತು ಎಂದು ಅರ್ಥ.

ಭಾವ ಈ ಡಬ್ಬಿಯನ್ನು ಮೊದಲ ಸಲ ನೋಡಿದಾಗ ಬಾವಲಿ ಶಾಸ್ತ್ರ ಹೇಳುತ್ತೀಯೇನವ್ವ, ಗಿಣಿಶಾಸ್ತ್ರದವನ ಪಕ್ಕ ಕೂತುಕೋ ಎಂದು ಹೊಟ್ಟೆ ಹಿಡಿದು ನಕ್ಕಿದ್ದರು. ಬೋಂಡದ ಎಣ್ಣೆ ಹತ್ತಿದ ಕೈಯಲ್ಲಿ ಡಬ್ಬಿ ಎತ್ತಿ ತಿರುಗಿಸಿ ನೋಡಿ, ಇದರಿಂದ ಏನುಪಯೋಗ ಎಂದು ಕೇಳಿದ್ದರು. ಉಪಯೋಗವಿಲ್ಲ ಎಂದೆ. ಉಪಯೋಗವಿಲ್ಲದ್ದನ್ನು ಮಾಡಿ ಮನೆಯಲ್ಲೇ ಇಟ್ಟುಕೊಳ್ಳಬಹುದು, ಊರಿಗೆಲ್ಲ ಮಾರಬೇಕಿಲ್ಲ ಎನ್ನುವುದು ಅವರಿಗೆ ಹೊಳೆಯುವ ಸಂಗತಿಯಲ್ಲ.

ಇಲಿ ಯಂತ್ರ ಬಂದ ವರ್ಷವೇ ನನ್ನ ತಂಗಿ ಅಟ್ಟಕ್ಕೆ ಕಾಯಿ ಏರಿಸಿದ್ದಳು.

ತಂಗಿಯನ್ನು ಕೊಟ್ಟಿರುವುದು ಹೊಸದುರ್ಗ ತಾಲ್ಲೂಕು ಶ್ರೀರಾಂಪುರದ ಹತ್ತಿರದ ಹಳ್ಳಿಗೆ. ಅವಳ ಗಂಡ ಹೈವೇ ಬಸ್ಸಿನ ಡ್ರೈವರು, ಮನೆಯಲ್ಲಿರುವ ದಿನಗಳು ಕಡಿಮೆ. ತೋಟದ ತೆಂಗಿನಕಾಯಿಯನ್ನು ಮೊದಲಿನಿಂದಲೂ ಅವಳ ಗಂಡನ ಅಣ್ಣನೇ ಹಸಿಯಾಗಿ ಇರುವಾಗಲೇ ಲಾರಿಗೆ ಹಾಕಿಸಿಬಿಡುತ್ತಿದ್ದ. ತಂಗಿಗೆ ಅದು ಒಪ್ಪಿಗೆಯಿರಲಿಲ್ಲ. ಹಿಂದಿನವರಂತೆ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲಿಟ್ಟು ವರ್ಷ ಕಾದರೆ ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಗುಂಡಾದ ಗಿಟುಕು ಕೊಬ್ಬರಿಯಾಗುತ್ತದೆ. ಅದಕ್ಕೆ ಒಲೆ ಬೇಡ, ಬಿಸಿಲು ಬೇಡ, ತಾಳ್ಮೆ ಬೇಕು. ಆಗಾಗ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಮೊದಮೊದಲು ಕುಳುಕುಳು ನೀರು. ಆಮೇಲೆ ಬಹಳ ದಿನ ಏನೂ ಇಲ್ಲ. ಕೊನೆಗೆ ಒಂದು ದಿನ ಒಳಗೆ ಲೊಡಲೊಡ ಎನ್ನುತ್ತದೆ. ಆಗ ಆಯಿತು ಎಂದು ಲೆಕ್ಕ.

ಒಂದು ವರ್ಷದ ಕಾಯಿ ತನ್ನ ಕೈಗೆ ಬಿಡಿ ಎಂದು ತಂಗಿ ಕೇಳಿದಳು. ಅವಳ ಗಂಡನ ಅಣ್ಣ ಕೆಟ್ಟವನಲ್ಲ, ಮಾತು ಕಡಿಮೆ, ಅನುಮಾನ ಹೆಚ್ಚು. ಆಯಿತು, ಈ ವರ್ಷ ಬಿಟ್ಟೆ, ಇಲಿ ತಿಂದು ಹಾಳು ಮಾಡಿದರೆ ಮುಂದಿನ ವರ್ಷದಿಂದ ಈ ಮಾತು ಎತ್ತಬಾರದು ಎಂದ. ತಂಗಿ ಒಪ್ಪಿದಳು. ಮದುವೆಯಾಗಿ ಅಷ್ಟು ವರ್ಷಕ್ಕೆ ಆ ಮನೆಯಲ್ಲಿ ಅವಳು ತಾನಾಗಿ ಇಟ್ಟ ಮೊದಲ ಹೆಜ್ಜೆ ಅದು. ಅವಳ ನಂಬಿಕೆಯೆಲ್ಲ ಮನೆಯ ಪಟ್ಟೆ ಬೆಕ್ಕಿನ ಮೇಲಿತ್ತು. ಅದು ಅಟ್ಟದ ಏಣಿಯ ತುದಿಯಲ್ಲೇ ಸಂಸಾರ ಹೂಡಿದ ಬೆಕ್ಕು.

ಭಾವನಿಗೆ ಈ ಸುದ್ದಿ ತಿಳಿಯಿತು. ಹೊಸದುರ್ಗದ ಕಡೆಯೆಲ್ಲ ಅಟ್ಟದ ಕಾಯಿ, ಅಟ್ಟ ಇದ್ದಲ್ಲಿ ಇಲಿ. ನಾದಿನಿಯ ಮನೆಯಲ್ಲಿ ಒಂದು ಯಂತ್ರ ಕೂತರೆ ಸುತ್ತಲಿನ ಹಳ್ಳಿಗೆಲ್ಲ ಅದೇ ಜಾಹೀರಾತು. ಆದರೆ ತಂಗಿ ನನಗೆ ಫೋನು ಮಾಡಿ ಕೇಳಿದಳು, ನಿಜವಾಗಿ ಸದ್ದು ಬರುತ್ತದಾ, ನಿನ್ನ ಡಬ್ಬಿಯಲ್ಲಿ ನೋಡಿ ಹೇಳು ಎಂದು. ಭಾವ ಯಂತ್ರ ಹಿಡಿದು ದುರ್ಗಕ್ಕೆ ಬಂದರು. ಒಳಗೆ ಬರಿ ದೀಪ ಮಾತ್ರ ಇರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಪ್ಲಗ್ಗಿಗೆ ಹಾಕಿ, ಬಳೆ ಕಟ್ಟಿಕೊಂಡು, ತಿರುಪು ತಿರುಗಿಸುತ್ತ ಹೋದೆ. ನಲವತ್ತು ಸಾವಿರದ ಹತ್ತಿರ ಕೀ... ಎಂದು ಕಿರಿದಾದ, ನೇರವಾದ ಸದ್ದು ಸಿಕ್ಕಿತು. ಬಾಗಿಲ ಕೀಲಿಗೆ ಎಣ್ಣೆ ಹಾಕದಿದ್ದರೆ ಬರುವಂಥದು.

ಭಾವನಿಗೆ ಇಯರ್‌ಫೋನು ಕೊಟ್ಟೆ. ಅವರ ಮುಖದಲ್ಲಿ ಆದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಇಷ್ಟು ದಿನ ತಾವು ಮಾರಿದ್ದರಲ್ಲಿ ಏನಾದರೂ ಇದೆ ಎಂದು ಅವರಿಗೇ ಗೊತ್ತಿರಲಿಲ್ಲ. ಸ್ವಂತ ಸುಳ್ಳು ನಿಜವಾಗಿಬಿಟ್ಟರೆ ಮನುಷ್ಯ ಅಷ್ಟು ಬೆರಗಾಗುತ್ತಾನೆ.

"ಐತೆ. ಸದ್ದು ಐತೆ ಕಣಮ್ಮ."

"ಸದ್ದು ಐತೆ ಭಾವ. ಅದಕ್ಕೆ ಇಲಿ ಓಡುತ್ತೋ ಇಲ್ಲವೋ, ಅದು ಬೇರೆ ಮಾತು."

ನನ್ನ ಮಾತಿನ ಮೊದಲರ್ಧ ಅವರ ಕಿವಿಗೆ ಹೋಯಿತು. ಉಳಿದರ್ಧ ಅವರ ಪಾಲಿಗೆ ನಲವತ್ತು ಸಾವಿರದ ಆಚೆ ಉಳಿಯಿತು. ಉಪಯೋಗವಿಲ್ಲದ ಡಬ್ಬಿ ಅವರ ಕಣ್ಣಲ್ಲಿ ಆ ಕ್ಷಣದಿಂದ ಬಂಗಾರವಾಯಿತು. ಮುಂದಿನ ಭಾನುವಾರ ಡಬ್ಬಿಯನ್ನೂ ನನ್ನನ್ನೂ ಕಾರಿನಲ್ಲಿ ಹಾಕಿಕೊಂಡು ಹೊಳಲ್ಕೆರೆ ದಾರಿಯಾಗಿ ತಂಗಿಯ ಊರಿಗೆ ಹೊರಟರು. ದಾರಿಯುದ್ದಕ್ಕೂ ಕಂಪನಗಳ ಬಗ್ಗೆ ನನಗೆ ಪಾಠ ಹೇಳಿದರು. ಹೊಳಲ್ಕೆರೆಯಲ್ಲಿ ಟೀ ಕುಡಿಯಲು ನಿಂತಾಗ ಟೀ ಅಂಗಡಿಯವನಿಗೂ ಹೇಳಿದರು. ಅವನು ಇಲಿಗೆ ಟೀ ಬೇಕೋ ಕಾಫಿಯೋ ಎಂದು ಕೇಳಿದ. ಆ ದಾರಿಯಲ್ಲಿ ನಾನು ಕೇಳಿದ ಬುದ್ಧಿವಂತ ಮಾತು ಅದೊಂದೇ.

ತಂಗಿಯ ಮನೆಯ ಪಡಸಾಲೆಯಲ್ಲಿ ಅಕ್ಕಪಕ್ಕದವರೆಲ್ಲ ಸೇರಿದರು. ಯಂತ್ರ ಹಚ್ಚಿ, ನನ್ನ ಡಬ್ಬಿಗೆ ಇಯರ್‌ಫೋನಿನ ಬದಲು ಸಣ್ಣ ಸ್ಪೀಕರು ಸಿಕ್ಕಿಸಿ, ಭಾವ ಒಬ್ಬೊಬ್ಬರನ್ನೇ ಕರೆದರು. ಬರ್ರಿ, ಕುಂತ್ಕಳ್ರಿ, ಕಿವಿ ಕೊಡ್ರಿ. ಎಲ್ಲರೂ ಕೇಳಿದರು, ಎಲ್ಲರೂ ತಲೆದೂಗಿದರು. ಕಾಣದ್ದನ್ನು ನಂಬದ ಜನ, ಕೇಳಿಸಿದ್ದನ್ನು ಮಾತ್ರ ಹಿಂದುಮುಂದು ನೋಡದೆ ನಂಬುತ್ತಾರೆ. ಇದು ಸದ್ದಿಗೆ ಸಾಕ್ಷಿ, ಇಲಿಗಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಬಾಣಲೆ ಕಾದಿದೆ ಎಂದರೆ ಬೋಂಡ ಬೆಂದಿದೆ ಎಂದಲ್ಲ ಎಂದೂ ಹೇಳಿದೆ. ಒಬ್ಬಾಕೆ, ಹೌದು ನಮ್ಮಲ್ಲಿ ಬೋಂಡಕ್ಕೆ ಸೋಡಾ ಹಾಕುತ್ತೇವೆ ಎಂದಳು. ನಾನು ಮಜ್ಜಿಗೆ ಕುಡಿದೆ.

ತಂಗಿಯ ಗಂಡನ ಅಣ್ಣನೂ ಬಂದು ಕೇಳಿದ. ಕೇಳಿ, ಹಂಗಾದ್ರೆ ಬೆಕ್ಕಿನ ಕತೆ ಏನು ಎಂದಷ್ಟೇ ಕೇಳಿದ. ಭಾವನಿಗೆ ಅದಕ್ಕೂ ಉತ್ತರವಿತ್ತು. ಈ ಸದ್ದು ಬೆಕ್ಕಿಗೂ ಕೇಳುತ್ತದೆ, ಬೆಕ್ಕು ಇದ್ದರೆ ಯಂತ್ರ ಹಾಕಬಾರದು, ಒಂದು ಮನೆಯಲ್ಲಿ ಎರಡು ಕಾವಲು ಬೇಡ. ಬೆಕ್ಕಿಗೆ ಕೇಳುತ್ತದೆ ಎಂಬುದು ನಿಜ. ಭಾವನ ಬಾಯಲ್ಲಿ ನಿಜ ಬರುವುದು ಹೀಗೆ, ಯಾರಿಗಾದರೂ ಕೇಡಾಗುವ ಸಮಯ ನೋಡಿಕೊಂಡು. ನಾನು ಬೆಕ್ಕು ಇರಲಿ, ಯಂತ್ರ ತೆಗಿ ಎಂದೆ. ಆದರೆ ಊರಿನ ಅಷ್ಟೂ ಜನ ಕೇಳಿ ಒಪ್ಪಿದ ಮೇಲೆ ತಂಗಿಗೆ ಬೇಡ ಎನ್ನಲು ಧೈರ್ಯ ಸಾಲಲಿಲ್ಲ. ನಾಳೆ ಇಲಿ ತಿಂದರೆ ಯಂತ್ರ ಬೇಡವೆಂದಳು ಎಂಬ ಮಾತು ಅವಳ ಮೇಲೆ ಬರುತ್ತಿತ್ತು.

ನಮ್ಮ ಕಡೆ ಬೆಕ್ಕನ್ನು ಹೊರಗೆ ಹಾಕುವುದಕ್ಕೂ ಒಂದು ಕ್ರಮವಿದೆ. ಗೋಣಿಚೀಲದಲ್ಲಿ ಕಟ್ಟಿ, ದಿಕ್ಕು ತಪ್ಪಲೆಂದು ಅಂಗಳದಲ್ಲಿ ಚೀಲವನ್ನು ಮೆಲ್ಲಗೆ ಸುತ್ತಿಸಿ, ಹಳ್ಳ ದಾಟಿಸಿ ಬಿಡಬೇಕು. ಹಳ್ಳ ದಾಟಿದ ಬೆಕ್ಕು ಮನೆಗೆ ಮರಳುವುದಿಲ್ಲ ಎಂದು ನಂಬಿಕೆ. ತಂಗಿ ಹಳ್ಳದಾಚೆ ಎಲ್ಲಾದರೂ ಬಿಡಲು ಮನಸ್ಸಿಲ್ಲದೆ ಹಾಲುರಾಮೇಶ್ವರಕ್ಕೆ ಒಯ್ದು ದೇವಸ್ಥಾನದ ಹತ್ತಿರ ಬಿಟ್ಟಳಂತೆ. ಜನ ಬರುವ ಜಾಗ, ಹಾಲಿಗೂ ಕಾಯಿಚೂರಿಗೂ ಕೊರತೆಯಾಗದು ಎಂದು. ಬರುವಾಗ ಬಸ್ಸಿನಲ್ಲಿ ಖಾಲಿ ಗೋಣಿಚೀಲವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ ಎಂದು ಫೋನಿನಲ್ಲಿ ಹೇಳಿದಳು.

ಮಳೆಗಾಲ ಕಳೆಯಿತು. ದೀಪಾವಳಿಯ ಹೊತ್ತಿಗೆ ಭಾವ ಆ ಕಡೆ ಎಷ್ಟೋ ಮನೆಗೆ ಹಸಿರು ದೀಪ ಹಚ್ಚಿಸಿದ್ದರು. ನನ್ನ ಡಬ್ಬಿಯಂಥದೇ ಇನ್ನೊಂದು ಮಾಡಿಕೊಡು ಎಂದು ಪದೇ ಪದೇ ಕೇಳುತ್ತಿದ್ದರು. ನಾನು ಬಿಡಿಭಾಗ ಸಿಗುತ್ತಿಲ್ಲ ಎನ್ನುತ್ತಿದ್ದೆ. ಬಿಡಿಭಾಗ ಮೇಜಿನ ಡ್ರಾಯರಿನಲ್ಲಿತ್ತು.

ಚಳಿ ಬಿದ್ದ ಮೇಲೆ ಒಂದು ಬೆಳಗ್ಗೆ ತಂಗಿಯ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ಅಕ್ಕ, ಅಟ್ಟದಿಂದ ನಾರಿನ ಪುಡಿ ಉದುರ್ತಾ ಐತೆ. ದಿನಾ ಗುಡಿಸಿ ಗುಡಿಸಿ ಮುಚ್ಚಿಡ್ತಾ ಇದೀನಿ. ಇನ್ನೂ ನಮ್ಮನೆಯವರ ಅಣ್ಣಾರಿಗೆ ಗೊತ್ತಿಲ್ಲ."

ನಾನು ಅಂದೇ ಹೊರಟೆ. ಭಾವನಿಗೆ ನಾನು ಹೇಳಲಿಲ್ಲ. ಆದರೆ ಅಕ್ಕನಿಗೆ ತಂಗಿ ಹೇಳಿದ್ದಳು, ಅಕ್ಕನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನಾನು ಶ್ರೀರಾಂಪುರದಲ್ಲಿ ಬಸ್ಸಿಳಿದು ಆಟೋ ಹಿಡಿದು ಹೋಗುವಷ್ಟರಲ್ಲಿ ಭಾವನ ಕಾರು ಬಾಗಿಲಲ್ಲಿತ್ತು. ಯಂತ್ರದ ಮರ್ಯಾದೆ ಉಳಿಸಲು ಬಂದಿದ್ದರು.

ಮಧ್ಯಾಹ್ನದ ಹೊತ್ತಾದರೂ ಅಟ್ಟದ ಮೇಲೆ ಕತ್ತಲೆ. ಕಾಯಿಗಳ ಗುಡ್ಡದ ನಡುವೆ, ಗೋಡೆಯ ಹತ್ತಿರ ತೊಲೆಗೆ ಮೊಳೆ ಹೊಡೆದು ಯಂತ್ರ ತೂಗು ಹಾಕಿತ್ತು. ಹಸಿರು ದೀಪ ದೇವರ ಮುಂದಿನ ದೀಪದಷ್ಟು ಶ್ರದ್ಧೆಯಿಂದ ಉರಿಯುತ್ತಿತ್ತು. ನಾನು, ತಂಗಿ, ಭಾವ ಮೂವರೂ ಬಗ್ಗಿಕೊಂಡು ಕೂತೆವು. ಡಬ್ಬಿ ಹಚ್ಚಿದೆ. ಸ್ಪೀಕರಿನಲ್ಲಿ ಕೀ... ಎಂದು ಅದೇ ಸದ್ದು. ಕೆಲಸ ಮಾಡುತ್ತಾ ಐತಲ್ಲ ಎಂದು ಭಾವ ಉಸಿರು ಬಿಟ್ಟರು.

ತಿರುಪನ್ನು ಒಂದಿಷ್ಟು ಸರಿಸಿದೆ. ಆ ಕೀರಲಿನ ಪಕ್ಕದಲ್ಲಿ ಬೇರೇನೋ ಇತ್ತು. ಸಣ್ಣ ಸಣ್ಣ ಚೂರುಗಳು. ಚೀಂ, ಚೀಂ, ನಿಂತು, ಮತ್ತೆ ಚೀಂ. ಗೊಂಬೆಯನ್ನು ಹಿಚುಕಿದಂತೆ. ಯಂತ್ರದ ಸದ್ದಿಗೆ ಏರಿಳಿತವಿಲ್ಲ, ಇದಕ್ಕೆ ಇತ್ತು. ಇದಕ್ಕೆ ಜೀವ ಇತ್ತು.

"ಅದು ನಿನ್ನ ಬಳೆ ಕಣಮ್ಮ," ಎಂದರು ಭಾವ.

ನನ್ನ ಬಳೆಗಳು ಕರವಸ್ತ್ರದೊಳಗೆ ಉಸಿರುಕಟ್ಟಿಕೊಂಡಿದ್ದವು. ತಂಗಿ ತನ್ನ ಎರಡೂ ಕೈಯ ಬಳೆಗಳನ್ನು ಸೆರಗಿನಲ್ಲಿ ಸುತ್ತಿ ಬಿಗಿಹಿಡಿದಳು. ಚೀಂ ನಿಲ್ಲಲಿಲ್ಲ. ಯಂತ್ರದ ಸ್ವಿಚ್ಚು ಆರಿಸಿದೆ. ಕೀರಲು ನಿಂತಿತು, ಚೀಂ ಮಾತ್ರ ಇನ್ನೂ ಸ್ಪಷ್ಟವಾಯಿತು. ಒಂದಲ್ಲ, ಹಲವು.

ಭಾವ ಸ್ವಲ್ಪ ಹೊತ್ತು ಕೇಳಿದರು. ಅವರ ತಲೆ ಎಷ್ಟು ಬೇಗ ಬೋರ್ಡು ಬದಲಿಸುತ್ತದೆ ಎಂದು ಅಂಗಡಿಯಿಂದಲೇ ನನಗೆ ಗೊತ್ತಿತ್ತು, ಆದರೂ ಬೆರಗಾದೆ.

"ನೋಡಿದ್ರಾ. ನೋವಿಗೆ ಕಿರುಚ್ತಾ ಅವೆ. ಮಿಷನ್ನಿನ ಏಟು ತಡ್ಕಳಕ್ಕಾಗ್ತಿಲ್ಲ. ಇನ್ನು ವಾರದಾಗೆ ಜಾಗ ಖಾಲಿ."

ಇಲಿ ಮನೆ ಬಿಟ್ಟು ಓಡುವುದಕ್ಕೆ ತಿಂಗಳುಗಟ್ಟಲೆ ಕಿರುಚಿಕೊಂಡು ಅಲ್ಲೇ ಕೂತಿರಬೇಕೇ ಎಂದು ನಾನು ಕೇಳಲಿಲ್ಲ. ಕೆಲವರ ಜೊತೆ ವಾದ ಮಾಡುವುದು ಹಲ್ಲಿಲ್ಲದವನಿಗೆ ಕಡಲೆ ಹುರಿದಂತೆ, ಹುರಿದವರ ಕೈ ಸುಡುತ್ತದೆ ಅಷ್ಟೆ. ಡಬ್ಬಿಯ ಮೂತಿಯನ್ನು ಅತ್ತಿತ್ತ ತಿರುಗಿಸಿದೆ. ಕಾಯಿಗಳ ಕಡೆ ಹಿಡಿದರೆ ಕ್ಷೀಣ. ಎದುರು ಗೋಡೆಯ ಕಡೆ ಹಿಡಿದರೆ ಇಲ್ಲ. ಯಂತ್ರದ ಕಡೆ ಹಿಡಿದರೆ ಜೋರು. ಯಂತ್ರದ ಬೆನ್ನಿನ ಹತ್ತಿರ ಒಯ್ದರೆ ಸ್ಪೀಕರು ನಡುಗುವಷ್ಟು ಜೋರು.

ತಂಗಿ ಕೈ ಚಾಚಿ ಯಂತ್ರವನ್ನು ಮೊಳೆಯಿಂದ ತೆಗೆದಳು. ಅದರ ಹಿಂದೆ, ತೊಲೆಯೂ ಗೋಡೆಯೂ ಕೂಡುವ ಸಂದಿನಲ್ಲಿ, ತೆಂಗಿನ ನಾರನ್ನು ಎಳೆ ಎಳೆಯಾಗಿ ಬಿಡಿಸಿ ಹೆಣೆದ ಗೂಡು. ಬೆರಳ ತುದಿಯಷ್ಟಷ್ಟಿದ್ದ ಕೆಂಪು ಮರಿಗಳು, ಕಣ್ಣು ಬಿಡದವು, ಒಂದರ ಮೇಲೊಂದು. ಕೂಗುತ್ತಿದ್ದದ್ದು ಅವೇ. ತಾಯಿ ನಮ್ಮನ್ನು ಕಂಡು ಸರಿದುಹೋಗಿತ್ತು. ಯಂತ್ರದೊಳಗಿನ ಟ್ರಾನ್ಸ್‌ಫಾರ್ಮರು ಹಗಲೂ ರಾತ್ರಿ ಹದವಾಗಿ ಬಿಸಿ ಇರುತ್ತದೆ. ಚಳಿಗಾಲದಲ್ಲಿ ಬಾಣಂತಿಗೆ ಇದಕ್ಕಿಂತ ಒಳ್ಳೆಯ ಕೋಣೆ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ಯಂತ್ರದ ಬೆನ್ನಿಗೆ ಆತುಕೊಂಡಿದ್ದ ಸಾಲಿನ ಕಾಯಿಗಳೆಲ್ಲ ತೂತು. ಒಂದನ್ನು ಎತ್ತಿ ಅಲ್ಲಾಡಿಸಿದರೆ ಕರಿ ಪುಡಿ ಸುರಿಯಿತು.

ಭಾವ ಯಂತ್ರವನ್ನು ತಂಗಿಯ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ, ಇದು ಹಳೇ ಮಾಡಲ್ಲು ಎಂದರು.

ತಂಗಿ ಮರಿಗಳನ್ನು ಗೂಡುಸಮೇತ ಮೊರದಲ್ಲಿ ಇಟ್ಟುಕೊಂಡು ಹಿತ್ತಲಾಚೆ ಹೋದಳು. ಏನು ಮಾಡಿದಳೆಂದು ನಾನು ಕೇಳಲಿಲ್ಲ. ಹಿಂದಿರುಗಿ ಬಂದು ಕೈ ತೊಳೆದು, ಗೋಡೆಯ ಮೂಲೆಯಲ್ಲಿದ್ದ ಗೋಣಿಚೀಲ ಎತ್ತಿಕೊಂಡಳು.

"ಅಕ್ಕ, ಹಾಲುರಾಮೇಶ್ವರಕ್ಕೆ ಹೋಗಾಣ ನಡಿ."

ಭಾವ ಕಾರಿನಲ್ಲಿ ಬಿಡುತ್ತೇನೆ ಎಂದರು. ಬೇಡ, ನಿಮ್ಮ ಕಾರಿನಲ್ಲಿ ಬೆಕ್ಕು ಕೂರೋದಿಲ್ಲ ಎಂದಳು. ನಾವು ಆಟೋ ಮಾಡಿಕೊಂಡು ಹೋದೆವು.

ಬೆಕ್ಕು ಕಾಯಿ ಒಡೆಯುವ ಕಲ್ಲಿನ ಪಕ್ಕದಲ್ಲೇ ಸಿಕ್ಕಿತು. ಭಕ್ತರ ಹಾಲು ಕುಡಿದು ಹೊಟ್ಟೆ ದಿಂಡಾಗಿತ್ತು. ತಂಗಿಯನ್ನು ನೋಡಿ ಗುರುತು ಸಿಗದವರಂತೆ ಮುಖ ತಿರುಗಿಸಿತು. ಅದರ ತಿರಸ್ಕಾರದ ಮುಂದೆ ಭಾವನ ಮೇಲೆ ನನಗಿದ್ದದ್ದು ಏನೂ ಅಲ್ಲ. ತಂಗಿ ಅಲ್ಲೇ ನೆಲದ ಮೇಲೆ ಕೂತು ಬಹಳ ಹೊತ್ತು ಅದರ ಜೊತೆ ಮಾತಾಡಿದಳು. ಏನು ಮಾತಾಡಿದಳೋ, ದೇವಸ್ಥಾನದ ಗಂಟೆಯ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಕೊನೆಗೆ ಇಬ್ಬರ ಕೈಯನ್ನೂ ಪರಚಿ ಚೀಲ ಸೇರಿತು. ಮನೆಗೆ ಬಂದ ಬೆಕ್ಕು ನಿಲ್ಲಬೇಕಾದರೆ ಒಲೆಯ ಸುತ್ತ ಸುತ್ತಿಸಬೇಕು ಎನ್ನುತ್ತಾರೆ. ತಂಗಿಯ ಮನೆಯಲ್ಲಿ ಈಗ ಒಲೆಯಿಲ್ಲ, ಗ್ಯಾಸಿನ ಕಟ್ಟೆ ಗೋಡೆಗೆ ಹತ್ತಿಕೊಂಡಿದೆ. ಸಿಲಿಂಡರನ್ನೇ ನಡುಮನೆಗೆ ಉರುಳಿಸಿ ಅದರ ಸುತ್ತ ಸುತ್ತಿಸಿದಳು. ನಾನು ನಗಲಿಲ್ಲ. ಅದು ಕೆಲಸ ಮಾಡುತ್ತದೆಂದು ಅವಳು ಯಾರಿಗೂ ಮಾರಿರಲಿಲ್ಲವಲ್ಲ.

ಹೊರಡುವ ಮೊದಲು, ಭಾವ ಬಿಟ್ಟುಹೋಗಿದ್ದ ಯಂತ್ರದ ಸ್ಕ್ರೂ ಬಿಚ್ಚಿ ನೋಡಿದೆ. ಸದ್ದು ಹೊರಡಿಸುವ ಬಿಲ್ಲೆಗೆ ಎರಡು ತಂತಿ. ಒಂದನ್ನು ಕತ್ತರಿಸಿ, ಮತ್ತೆ ಮುಚ್ಚಿದೆ. ದೀಪ ಉರಿಯುತ್ತದೆ, ಬೆನ್ನು ಬಿಸಿಯಾಗುತ್ತದೆ, ಸದ್ದಿಲ್ಲ. ಡಬ್ಬಿ ಹಿಡಿದು ಖಾತ್ರಿ ಮಾಡಿಕೊಂಡೆ. ಏನು ಮಾಡಿದೆ ಎಂದು ತಂಗಿಗೆ ಹೇಳಿ, ಏಣಿಯ ತುದಿಯಲ್ಲಿ, ಬೆಕ್ಕಿನ ಹಳೆಯ ಜಾಗದಲ್ಲಿ ಯಂತ್ರವನ್ನು ಮಲಗಿಸಿ ಬಂದೆ. ಆ ಚಳಿಗಾಲವೆಲ್ಲ ಬೆಕ್ಕು ಅದರ ಮೇಲೆ ಹೊಟ್ಟೆ ಇಟ್ಟುಕೊಂಡು ಮಲಗಿತು, ಮಲಗದಿದ್ದಾಗ ಮಾಡಬೇಕಾದ್ದನ್ನು ಮಾಡಿತು. ನಾರಿನ ಪುಡಿ ಉದುರುವುದು ನಿಂತಿತು.

ಯುಗಾದಿಯ ಮುಂಚೆ ಕಾಯಿ ಇಳಿಸಿದರು. ನಾನೂ ಹೋಗಿದ್ದೆ. ಅಂಗಳದಲ್ಲಿ ಗುಡ್ಡೆ ಹಾಕಿದ ಮೇಲೆ ತಂಗಿಯ ಗಂಡನ ಅಣ್ಣ ಬಂದು ಕೂತ. ತೂತು ಬಿದ್ದವನ್ನು ತಂಗಿ ಬಚ್ಚಿಡಲಿಲ್ಲ. ಬೇರೆಯಾಗಿ ಒಂದು ಕಡೆ ರಾಶಿ ಹಾಕಿ, ಇವು ಹೋದವು ಎಂದಳು. ಅವನು ಆ ರಾಶಿಯನ್ನು ನೋಡಿ, ಉಳಿದ ರಾಶಿಯಿಂದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಲೊಡಲೊಡ. ಇನ್ನೊಂದು. ಲೊಡಲೊಡ. ಎಲ್ಲೆಲ್ಲಿಂದಲೋ ಆರಿಸಿ ಎತ್ತಿ ಅಲ್ಲಾಡಿಸುತ್ತ ಹೋದ. ತಂಗಿ ಕಂಬಕ್ಕೆ ಒರಗಿಕೊಂಡು ಪ್ರತಿ ಸಲವೂ ಉಸಿರು ಹಿಡಿದು ಕೇಳುತ್ತಿದ್ದಳು.

ಆ ಹೊತ್ತಿಗೆ ಸರಿಯಾಗಿ ಭಾವ ಬಂದರು. ಒಳಗೆ ಹೋಗಿ ಏಣಿ ಹತ್ತಿ ಹಸಿರು ದೀಪ ನೋಡಿಕೊಂಡು ಹೊರಗೆ ಬಂದು, ಎದೆ ಮುಂದೆ ಮಾಡಿ ನಿಂತರು. ಒಂದು ಸಾಲು ಹೋಯಿತು ನಿಜ, ಆದರೆ ಉಳಿದದ್ದನ್ನು ಉಳಿಸಿದ್ದು ಯಾವುದು, ನೀವೇ ಹೇಳ್ರಿ, ಈಗ ಅಟ್ಟದ ಮೇಲೆ ಒಂದು ಇಲಿ ತೋರಿಸ್ರಿ ಎಂದರು.

ತಂಗಿಯ ಗಂಡನ ಅಣ್ಣ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಡದೆ ಹೇಳಿದ:

"ನಿಮ್ಮ ಮಿಷನ್ನು ಚೆನ್ನಾಗೈತೆ ಸ್ವಾಮಿ. ದಿನಾ ಎರಡು ಹೊತ್ತು ಹಾಲು ಹಾಕ್ಬೇಕು ಅಷ್ಟೆ."

ಭಾವನಿಗೆ ಅರ್ಥವಾಗಲಿಲ್ಲ. ನಗಬೇಕೆಂದು ಮಾತ್ರ ಅರ್ಥವಾಗಿ ನಕ್ಕರು. ಆ ವಾರವೇ ಅಂಗಡಿಯ ಬೋರ್ಡು ಮತ್ತೆ ಬಣ್ಣ ಬದಲಿಸಿತು ಎಂದು ಅಕ್ಕ ಹೇಳಿದಳು. ಈ ಸಲ ಏನೆಂದು ನಾನು ಕೇಳಲಿಲ್ಲ. ನಮ್ಮಲ್ಲಿ ಯಾವುದು ಕೆಟ್ಟಿದೆಯೆಂದು ಹೇಗೂ ಅವರೇ ಬಂದು ತಿಳಿಸುತ್ತಾರೆ.

ಆ ದಿನ ಅಂಗಳದಲ್ಲಿ ತಂಗಿಯ ಗಂಡನ ಅಣ್ಣ ಎದ್ದು ಪಂಚೆ ಕೊಡವಿಕೊಂಡ. ಎರಡು ಹೆಜ್ಜೆ ಹೋಗಿ ನಿಂತು, ತಿರುಗಿ ನೋಡದೆ ತಂಗಿಗೆ ಹೇಳಿದ:

"ಮುಂದಿನ ಕಾಯಿ ಏರ್ಸೋಕೆ ಮುಂಚೆ ಅಟ್ಟದ ಆ ಸಂದು ಮುಚ್ಚಿಸವ್ವ. ಗಾರೆಯವನ್ನ ನಾಳೆ ಕಳಿಸ್ತೀನಿ."

ತಂಗಿ ಸರಿ ಎಂದಳು. ಅವನು ಬೀದಿ ತಿರುಗುವವರೆಗೆ ಹಾಗೇ ನಿಂತಿದ್ದು, ಆಮೇಲೆ ರಾಶಿಯಿಂದ ಒಂದು ಕಾಯಿ ಎತ್ತಿ ತನ್ನ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಬಳೆ ಕಟ್ಟಿಕೊಂಡಿರಲಿಲ್ಲ. ಕಾಯಿಯೂ ಬಳೆಯೂ ಒಟ್ಟಿಗೆ ಸದ್ದು ಮಾಡಿದವು.